ಒಂದೇ ಶ್ರುತಿ, ಎರಡು ಸಾಲು

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಹಾಡಿಗೆ ಬರವಿಲ್ಲ. ಬೆಳಗ್ಗೆ ಪ್ರಾರ್ಥನೆ, ನಾಡಗೀತೆ, ರೈತಗೀತೆ. ಒಳಗೆ ಬಂದರೆ ನಲಿಕಲಿಯ ಅಭಿನಯ ಗೀತೆಗಳು. ಹಾಡುತ್ತ ಆಡುತ್ತ ಕಲಿಯುವ ಆ ಪದ್ಧತಿ ಶುರುವಾದದ್ದೇ ನಮ್ಮ ಎಚ್.ಡಿ. ಕೋಟೆಯಲ್ಲಿ, 1995ರ ಸುಮಾರಿಗೆ. ಆದರೆ ಇಷ್ಟೆಲ್ಲ ಹಾಡಿನಲ್ಲೂ ಮಕ್ಕಳು ಹಾಡುವುದು ಒಂದೇ ಸಾಲು. ತರಗತಿಯನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಬೇರೆ ಬೇರೆ ಸಾಲು ಕೊಟ್ಟು, ಎರಡನ್ನೂ ಒಟ್ಟಿಗೆ ಹಾಡಿಸೋಣ ಎಂದರೆ ಶಿಕ್ಷಕರು ಹಿಂದೇಟು ಹಾಕುತ್ತಾರೆ. "ಅದು ಚರ್ಚಿನ ಕೊಯರ್‌ನವರದು, ಕಾನ್ವೆಂಟಿನವರದು, ನಮ್ಮ ಸಂಗೀತಕ್ಕೆ ಒಗ್ಗಲ್ಲ" ಎನ್ನುತ್ತಾರೆ.

ಒಗ್ಗುತ್ತದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕನ್ನಡ ಸಾಹಿತ್ಯವನ್ನೇ ಬೇರೆ ಬೇರೆ ಸಾಲುಗಳಲ್ಲಿ ಹಾಡುವ ರೂಢಿ ಚರ್ಚುಗಳಲ್ಲಿ ಬೆಳೆದಿದೆ. 1950ರ ದಶಕದಲ್ಲಿ ಸಲಿಲ್ ಚೌಧರಿ ಮುಂಬಯಿಯಲ್ಲಿ, ಆಮೇಲೆ ಎಂ.ಬಿ. ಶ್ರೀನಿವಾಸನ್ ಮದ್ರಾಸಿನಲ್ಲಿ ಯುವಕರ ಮೇಳ ಕಟ್ಟಿ, ಭಾರತೀಯ ಭಾಷೆಗಳ ಹಾಡುಗಳನ್ನು ಹೀಗೆ ಹಾಡಿಸಿ ತೋರಿಸಿದ್ದಾರೆ. ನಾನು ಕಲಿಸುವುದು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ. ಅವರ ಜೊತೆ ಹಾಡುತ್ತ ನನಗೆ ಗಟ್ಟಿಯಾದ ನಂಬಿಕೆ ಒಂದೇ: ಬೇಕಾದ ಸಾಮಗ್ರಿಯೆಲ್ಲ ನಮ್ಮ ಶ್ರುತಿ, ಸೊಲ್ಲು, ಸರಳೆಗಳಲ್ಲೇ ಇದೆ. ಅಲ್ಲಿಂದ ಹೊರಟರೆ ಮಕ್ಕಳು ತಡವರಿಸದೆ ಬರುತ್ತಾರೆ.

1. ಶ್ರುತಿಯೇ ಮೊದಲ ಎರಡನೇ ಸಾಲು

ಎರಡು ಸಾಲು ಎಂದ ಕೂಡಲೇ ಎರಡು ರಾಗಸಂಚಾರ ಎಂದುಕೊಳ್ಳಬೇಡಿ. ಅರ್ಧ ತರಗತಿ ಬಾಯಿ ಮುಚ್ಚಿ "ಮ್" ಎಂದು ಸಾ ಹಿಡಿಯಲಿ, ಉಳಿದರ್ಧ ಗೊತ್ತಿರುವ ಶಿಶುಗೀತೆ ಹಾಡಲಿ. ಎರಡನೇ ತರಗತಿಯವರಿಗೂ ಇದು ಸಾಧ್ಯ. ಸಾ ಹಿಡಿದವರಿಗೆ ಹೇಳಿಕೊಡಬೇಕಾದದ್ದು ಉಸಿರಿನ ಗುಟ್ಟೊಂದೇ. ಎಲ್ಲರೂ ಒಮ್ಮೆಗೇ ಉಸಿರೆಳೆದರೆ ಶ್ರುತಿ ತುಂಡಾಗುತ್ತದೆ. ಪಕ್ಕದವಳು ಉಸಿರು ತೆಗೆದುಕೊಂಡಾಗ ನೀನು ಹಿಡಿದಿರು, ನೀನು ತೆಗೆದುಕೊಂಡಾಗ ಅವಳು ಹಿಡಿದಿರುತ್ತಾಳೆ. ಇಷ್ಟು ಹೇಳಿದ ಕೂಡಲೇ ಅವರು ಪಕ್ಕದವರ ಕಡೆ ಗಮನ ಕೊಡುತ್ತಾರೆ. ನನಗೆ ಬೇಕಾದದ್ದೂ ಅದೇ ಗಮನ.

ವಾರ ಕಳೆದ ಮೇಲೆ ಸಾ ಹಿಡಿದವರನ್ನು ಮತ್ತೆ ಎರಡು ಮಾಡಿ, ಕೆಲವರಿಗೆ ಪಾ ಕೊಡುತ್ತೇನೆ. ಶ್ರುತಿಗೆ ಮೊಬೈಲಿನ ತಂಬೂರಿ ಸಾಕು. ನಡುವೆ ಅದನ್ನು ನಿಲ್ಲಿಸಿಬಿಡುತ್ತೇನೆ. ಹಾಡು ಮುಗಿದ ಮೇಲೆ ಮತ್ತೆ ಹಾಕುತ್ತೇನೆ. ತಾವು ಎಷ್ಟು ಕೆಳಗೆ ಜಾರಿದ್ದೇವೆ ಎನ್ನುವುದು ಮಕ್ಕಳಿಗೇ ಗೊತ್ತಾಗುತ್ತದೆ. "ಇಳಿದುಹೋದ್ವಿ ಮಿಸ್" ಎಂದು ಕೂಗುತ್ತಾರೆ. ನಾನು ತಿದ್ದಬೇಕಾಗಿಲ್ಲ.

ಹಾರ್ಮೋನಿಯಂನಲ್ಲಿ ಇಡೀ ಹಾಡನ್ನು ನುಡಿಸುತ್ತ ಕಲಿಸುವುದನ್ನು ನಾನು ಬಿಟ್ಟುಬಿಡಿ ಎನ್ನುತ್ತೇನೆ. ಹಂಗೇರಿಯ ಜೋಲ್ತಾನ್ ಕೊಡಾಯ್ (1882–1967) ಶಾಲಾ ಮಕ್ಕಳಿಗಾಗಿಯೇ ಎರಡು ಸಾಲಿನ ಹಾಡುಗಳ ಸಂಪುಟಗಳನ್ನು ಬರೆದವರು. ಸ್ವರಶುದ್ಧಿ ಬರುವುದು ಪಿಯಾನೊ ಕೇಳಿ ಅಲ್ಲ, ಇನ್ನೊಂದು ಕಂಠವನ್ನು ಕೇಳಿ ಎನ್ನುವುದು ಅವರ ಖಚಿತ ನಿಲುವು. ತಂಬೂರಿಯ ಮುಂದೆ ಕೂತು ಕಲಿತ ನಮಗೆ ಆ ಮಾತು ಹೊಸದಾಗಿ ಕೇಳಿಸುವುದಿಲ್ಲ.

2. ಮನೆ ಆರಿಸುವುದು ಮಕ್ಕಳ ಕಂಠ ನೋಡಿ

ಮೇಷ್ಟ್ರು ತಮಗೆ ಹಿತವಾದ ಒಂದು ಮನೆಯಲ್ಲಿ ಸಾ ಇಟ್ಟುಬಿಡುತ್ತಾರೆ. ಹಾಡು ಮಂದ್ರ ಪಂಚಮಕ್ಕೆ ಇಳಿದಾಗ ಮಕ್ಕಳ ದನಿ ಗೊಗ್ಗರಾಗಿ ಬರಿಯ ಮಾತಾಗುತ್ತದೆ. ನನ್ನ ಲೆಕ್ಕ ಹೀಗಿದೆ: ಸಾದಿಂದ ಮೇಲಿನ ಸಾವರೆಗೆ ಓಡಾಡುವ ಹಾಡಿಗೆ ಎರಡು ಮನೆ, ಎರಡೂವರೆ ಮನೆ, ಸಾ ನಡುವೆ ಇದ್ದು ಕೆಳಗಿನ ಪಾದಿಂದ ಮೇಲಿನ ಪಾವರೆಗೆ ಹೋಗುವ ಹಾಡಿಗೆ ಐದು ಮನೆ. ಎರಡರಲ್ಲೂ ಮಗುವಿನ ಕಂಠ ಸುತ್ತುವುದು ಹೆಚ್ಚುಕಡಿಮೆ ಅದೇ ಜಾಗದಲ್ಲಿ.

ಈ ವಯಸ್ಸಿನಲ್ಲಿ ಹುಡುಗ ಹುಡುಗಿಯರ ಸ್ಥಾಯಿ ಒಂದೇ. ಹಾಗಾಗಿ ಹುಡುಗರಿಗೆ ಕೆಳಗಿನ ಸಾಲು, ಹುಡುಗಿಯರಿಗೆ ಮೇಲಿನದು ಎಂದು ಹಂಚುವುದಕ್ಕೆ ಅರ್ಥವಿಲ್ಲ. ಗಂಡಸರು ಹಾಡಿ ತೋರಿಸಿದಾಗ ದನಿ ಒಂದು ಸ್ಥಾಯಿ ಕೆಳಗಿರುತ್ತದೆ. ಕೆಲವು ಮಕ್ಕಳು ಅದನ್ನೇ ಹುಡುಕಿಕೊಂಡು ಕೆಳಗೆ ಹೋಗುತ್ತಾರೆ. ಅಂಥ ಕಡೆ ಚೆನ್ನಾಗಿ ಹಾಡುವ ಒಂದು ಮಗುವಿನಿಂದಲೇ ಸಾಲು ಹೇಳಿಸುವುದು ಒಳ್ಳೆಯದು.

3. ಸ್ವರಕ್ಕೆ ಮೊದಲು ಲೆಕ್ಕ

ಎರಡು ಕೆಲಸ ಒಟ್ಟಿಗೆ ನಡೆಯುವುದನ್ನು ಮೊದಲು ಕೈಯಲ್ಲಿ, ಬಾಯಿಯಲ್ಲಿ ರೂಢಿಸಬೇಕು. ಒಂದು ಗುಂಪಿಗೆ ತಕಿಟ, ಇನ್ನೊಂದಕ್ಕೆ ತಕಧಿಮಿ. ತಕಿಟದವರು ನಾಲ್ಕು ಸಲ ಹೇಳುವಷ್ಟರಲ್ಲಿ ತಕಧಿಮಿಯವರು ಮೂರು ಸಲ ಹೇಳಿರುತ್ತಾರೆ. ಹನ್ನೆರಡು ಮುಗಿದು ಮತ್ತೆ "ತ" ಬಂದಾಗ ಇಬ್ಬರೂ ಒಂದೇ ಪೆಟ್ಟಿಗೆ ಸೇರುತ್ತಾರೆ. ನಡುವೆ ಏನೇ ಗೊಂದಲವಾದರೂ ಆ "ತ" ಬಂದೇ ಬರುತ್ತದೆ ಎನ್ನುವ ಧೈರ್ಯ ಮಕ್ಕಳಿಗೆ ಬಂದುಬಿಟ್ಟರೆ ಮುಂದಿನ ದಾರಿ ಸಲೀಸು.

4. ಸೊಲ್ಲು ಹಿಡಿಯುವವರು ನಮ್ಮಲ್ಲಿ ಮೊದಲಿಂದಲೂ ಇದ್ದಾರೆ

ಮಲೆ ಮಹದೇಶ್ವರನ ಕಥೆ ಹಾಡುವಾಗ, ಮಂಟೇಸ್ವಾಮಿ ಕಥೆ ಹಾಡುವಾಗ ಮುಂದಿನವರು ಕಥೆ ನಡೆಸುತ್ತಾರೆ, ಹಿಮ್ಮೇಳದವರು ಸೊಲ್ಲು ಕೊಡುತ್ತಾರೆ. ಮದುವೆಮನೆಯ ಸೋಬಾನೆಯಲ್ಲಿ ಒಂದು ಗುಂಪು ಸಾಲು ಹೇಳುತ್ತದೆ, ಇನ್ನೊಂದು ಗುಂಪು ಎತ್ತಿಕೊಳ್ಳುತ್ತದೆ. ಚೆನ್ನಾಗಿ ಕಿವಿಗೊಟ್ಟರೆ ಅಲ್ಲೊಂದು ಸಂಗತಿ ಸಿಗುತ್ತದೆ: ಹಿಂದಿನವರ ಕೊನೆಯ ಸ್ವರ ಇನ್ನೂ ಮುಗಿದಿರುವುದಿಲ್ಲ, ಮುಂದಿನವರು ಆಗಲೇ ಎತ್ತಿಕೊಂಡಿರುತ್ತಾರೆ. ಒಂದೆರಡು ಅಕ್ಷರದಷ್ಟು ಹೊತ್ತು ಎರಡು ಸಾಲು ಒಂದರ ಮೇಲೊಂದು ಕೂತಿರುತ್ತವೆ. ನಾನು ಶಾಲೆಯಲ್ಲಿ ಮಾಡುವುದು ಆ ಒಂದೆರಡು ಅಕ್ಷರವನ್ನು ಹಿಗ್ಗಿಸುವುದು, ಅಷ್ಟೇ.

ಮೂರನೇ ತರಗತಿಯಲ್ಲಿ ಹೀಗೆ ಮಾಡಬಹುದು. ಒಂದು ಗುಂಪಿಗೆ ನಾಲ್ಕೈದು ಸ್ವರದ ಪುಟ್ಟ ಸೊಲ್ಲು ಕೊಡಿ: ಸ ಸ ಪ ಪ ಸ, "ತೊಟ್ಟು ತೊಟ್ಟು ನೀರು" ಎಂಬಂಥ ಮಾತಿಗೆ ಕೂರಿಸಿ. ಅದನ್ನೇ ಬಿಡದೆ ಹೇಳುತ್ತಿರಲಿ. ಇನ್ನೊಂದು ಗುಂಪು ಅದರ ಮೇಲೆ ಮೋಹನ ರಾಗದ ಯಾವುದಾದರೂ ಮಳೆಯ ಹಾಡು ಹಾಡಲಿ. ಸೊಲ್ಲನ್ನು ಯಾವಾಗಲೂ ಮೊದಲು ಶುರುಮಾಡಿಸಿ. ಅದು ನೆಲೆ ನಿಂತ ಮೇಲೆ ಹಾಡು ಬರಲಿ. ಹಾಡು ಮುಗಿದ ಮೇಲೂ ಸೊಲ್ಲು ಎರಡು ಸುತ್ತು ಮುಂದುವರಿಯಲಿ. ತಮ್ಮ ಸಾಲು ಯಾರದೋ ಹಾಡಿಗೆ ಬಾಲವಲ್ಲ ಎಂದು ಸೊಲ್ಲಿನವರಿಗೆ ಗೊತ್ತಾಗುವುದು ಆ ಎರಡು ಸುತ್ತಿನಲ್ಲೇ.

5. ಮೊದಲ ಸರಳೆಯಲ್ಲೇ ಒಂದು ರೌಂಡ್ ಇದೆ

ಒಂದೇ ಹಾಡನ್ನು ಒಂದು ಗುಂಪು ಮೊದಲು, ಇನ್ನೊಂದು ಸ್ವಲ್ಪ ತಡವಾಗಿ ಶುರುಮಾಡಿ ಹಾಡುವುದಕ್ಕೆ ರೌಂಡ್ ಎನ್ನುತ್ತಾರೆ. "ಆರ್ ಯು ಸ್ಲೀಪಿಂಗ್" ಎಂದು ನಮ್ಮ ಮಕ್ಕಳೂ ಹಾಡುವ ಫ್ರೆಂಚ್ ಹಾಡು ಇದಕ್ಕೆ ಪ್ರಸಿದ್ಧ. ಅದನ್ನು ಕಲಿಸಲು ನನ್ನ ಅಡ್ಡಿಯಿಲ್ಲ. ಆದರೆ ಅದಕ್ಕಿಂತ ಹತ್ತಿರದ ರೌಂಡ್ ಒಂದು ನಮ್ಮ ಮನೆಯಂಗಳದಲ್ಲೇ ಇದೆ; ಸಂಗೀತ ಶಿಕ್ಷಕರಿಗೆ ಇದನ್ನು ಹಾಡಿ ತೋರಿಸಿದಾಗಲೆಲ್ಲ ಅವರ ಮುಖ ಅರಳುತ್ತದೆ.

ಮಾಯಾಮಾಳವಗೌಳದ ಮೊದಲ ಸರಳೆ ವರಸೆ, ಆದಿತಾಳ, ಮೊದಲ ಕಾಲ. ಗುಂಪುಗಳಿಗೆ ನಾನು ತುಂಗಾ, ಭದ್ರಾ ಎಂದು ಹೆಸರಿಟ್ಟಿದ್ದೇನೆ. ತುಂಗಾ ಸ ರಿ ಗ ಮ ಎಂದು ಲಘು ಮುಗಿಸಿ, ಮೊದಲ ದ್ರುತದ ಪೆಟ್ಟಿಗೆ "ಪ" ಎಂದಾಗ ಭದ್ರಾ "ಸ" ಎಂದು ಎತ್ತಿಕೊಳ್ಳಬೇಕು. ಈಗ ಜೋಡಿಗಳನ್ನು ನೋಡಿ. ಪಗೆ ಸ, ದಗೆ ರಿ, ನಿಗೆ ಗ, ಮೇಲಿನ ಸಗೆ ಮ. ನಾಲ್ಕೂ ಷಡ್ಜ ಪಂಚಮದ ಅಂತರ. ಈ ಮೇಳದ ಪೂರ್ವಾಂಗ, ಉತ್ತರಾಂಗ ಎರಡರ ಅಳತೆಯೂ ಒಂದೇ ಆದ್ದರಿಂದ ಹೀಗಾಗುತ್ತದೆ: ಶುದ್ಧ ರಿಷಭಕ್ಕೆ ಶುದ್ಧ ಧೈವತ, ಅಂತರ ಗಾಂಧಾರಕ್ಕೆ ಕಾಕಲಿ ನಿಷಾದ.

ತುಂಗಾ ಅವರೋಹಣಕ್ಕೆ ತಿರುಗಿದಾಗ ಭದ್ರಾ ಇನ್ನೂ ಹತ್ತುತ್ತಿರುತ್ತದೆ. ಸಗೆ ಪ, ನಿಗೆ ದ, ದಗೆ ನಿ, ಪಗೆ ಸ. ನಡುವೆ ಒಂದು ಕಡೆ ಇಳಿಯುವವರೂ ಹತ್ತುವವರೂ ಒಬ್ಬರನ್ನೊಬ್ಬರು ದಾಟಿಹೋಗುತ್ತಾರೆ. ಆ ಜಾಗ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ. ಆಮೇಲೆ ಮಗೆ ಸ, ಗಗೆ ನಿ, ರಿಗೆ ದ, ಸಗೆ ಪ: ಮತ್ತೆ ನಾಲ್ಕೂ ಪಂಚಮದ ಅಂತರ. ತುಂಗಾ ಮೊದಲಿಂದ ಹಿಡಿದರೆ ಸಗೆ ಮ, ರಿಗೆ ಗ, ಗಗೆ ರಿ, ಮಗೆ ಸ. ಎಷ್ಟು ಸುತ್ತು ಹಾಡಿದರೂ ಎಲ್ಲೂ ಕಿವಿಗೆ ಚುಚ್ಚುವ ಜೋಡಿಯಿಲ್ಲ. ದ ನಿ, ರಿ ಗ ಪಕ್ಕಪಕ್ಕದ ಸ್ವರಗಳೇ ಆದರೂ ಈ ರಾಗದಲ್ಲಿ ಅವುಗಳ ನಡುವಿನ ಅಂತರ ದೊಡ್ಡದು. ಒಟ್ಟಿಗೆ ನಿಂತಾಗ ಹಿತವಾಗಿಯೇ ಕೇಳುತ್ತವೆ.

ಐದನೇ ತರಗತಿಯವರ ಜೊತೆ ಇನ್ನೂ ಒಂದು ಹೆಜ್ಜೆ ಹೋಗುತ್ತೇನೆ. ನಾಲ್ಕು ಸ್ವರಕ್ಕೆ ಬದಲು ಎರಡೇ ಸ್ವರ ಬಿಟ್ಟು ಎತ್ತಿಕೊಳ್ಳಿ ಎನ್ನುತ್ತೇನೆ. ಹತ್ತುವಾಗ ಬಹಳ ಸಿಹಿ: ಗಗೆ ಸ, ಮಗೆ ರಿ, ಪಗೆ ಗ. ತಿರುವಿಗೆ ಬಂದಾಗ ಮಾತ್ರ ಸ, ನಿ ಎರಡೂ ಒಟ್ಟಿಗೆ ಬಂದು ಡಿಕ್ಕಿ ಹೊಡೆಯುತ್ತವೆ. ಯಾವ ಜಾಗದಲ್ಲಿ ಕೆಟ್ಟಿತು, ಯಾಕೆ ಎಂದು ಮಕ್ಕಳೇ ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದು ಹುಡುಕಬೇಕು. ನಾನು ಉತ್ತರ ಹೇಳುವುದಿಲ್ಲ. ಹತ್ತು ವರ್ಷದ ಮಗು ಸೀಮೆಸುಣ್ಣ ಹಿಡಿದು ಸ ಮತ್ತು ನಿ ಸುತ್ತ ಗೆರೆ ಎಳೆದು "ಇಲ್ಲಿ ಮಿಸ್" ಎಂದರೆ ಅದಕ್ಕೆ ಎರಡು ಸಾಲಿನ ಸಂಗೀತದ ವ್ಯಾಕರಣ ಹಿಡಿಯಿತು ಎಂದೇ ಲೆಕ್ಕ.

6. ಯಾವ ಹಾಡಿಗೆ ಎರಡು ಸಾಲು, ಯಾವುದಕ್ಕೆ ಬೇಡ

ಗಮಕವೇ ಜೀವವಾಗಿರುವ ಹಾಡನ್ನು ಮುಟ್ಟಬೇಡಿ. ತೋಡಿಯ ಕೀರ್ತನೆಗೋ ಮನೆಮಾತಾದ ದೇವರನಾಮಕ್ಕೋ ಎರಡನೇ ಸಾಲು ಹೊಲಿದರೆ ಹಾಡೂ ಕೆಡುತ್ತದೆ, ಮಕ್ಕಳಿಗೂ ಏನೂ ದಕ್ಕುವುದಿಲ್ಲ. ಈ ವಿಷಯದಲ್ಲಿ ಸಂಗೀತದ ಹಿರಿಯರು ಎತ್ತುವ ಆಕ್ಷೇಪ ಸರಿಯಾಗಿಯೇ ಇದೆ.

ಮೋಹನ ಸುರಕ್ಷಿತ. ಅದರ ಐದು ಸ್ವರಗಳಲ್ಲಿ ಒಂದಕ್ಕೊಂದು ಉಜ್ಜುವಷ್ಟು ಹತ್ತಿರದವು ಇಲ್ಲ. ಹಾಗಾಗಿ ಮೋಹನದ ಎರಡು ಬೇರೆ ಹಾಡುಗಳನ್ನು, ತಾಳ ಮತ್ತು ಉದ್ದ ಸರಿಹೊಂದಿದರೆ, ಒಟ್ಟಿಗೇ ಹಾಡಿಸಬಹುದು. ಶಂಕರಾಭರಣದ ಸರಳ ಹಾಡುಗಳು ಮುಂದಿನ ಮೆಟ್ಟಿಲು. ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳನ್ನು ಇಲ್ಲಿ ನೆನೆಯಲೇಬೇಕು. ಬ್ಯಾಂಡಿನಲ್ಲಿ ಕೇಳಿದ ಪಾಶ್ಚಾತ್ಯ ಮಟ್ಟುಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕೂರಿಸಿದರು. ಗಮಕವಿಲ್ಲದ, ನೇರವಾಗಿ ನಡೆಯುವ ಸ್ವರಗಳು; ಎರಡನೇ ಸಾಲನ್ನು ಅವು ಸಲೀಸಾಗಿ ಬರಮಾಡಿಕೊಳ್ಳುತ್ತವೆ. "ಶಕ್ತಿಸಹಿತ ಗಣಪತಿಂ" ಎಷ್ಟೋ ಮಕ್ಕಳಿಗೆ ಸಂಗೀತ ಪಾಠದಲ್ಲಿ ಆಗಲೇ ಬಂದಿರುತ್ತದೆ.

7. ಕಿವಿ ಮುಚ್ಚಿಕೊಂಡು ಹಾಡುವುದು ಹಾಡಲ್ಲ

ಎರಡು ಸಾಲು ಒಟ್ಟಿಗೆ ಶುರುವಾದ ಮರುಗಳಿಗೆಯೇ ಮಕ್ಕಳು ಎರಡು ಕೆಲಸ ಮಾಡುತ್ತಾರೆ: ಕಿವಿಗೆ ಬೆರಳಿಡುತ್ತಾರೆ, ದನಿ ಏರಿಸುತ್ತಾರೆ. ಕೆಲವು ಶಿಕ್ಷಕರೂ "ಅವರ ಕಡೆ ಗಮನ ಕೊಡಬೇಡಿ, ನಿಮ್ಮದು ನೀವು ಹಾಡಿ" ಎಂದು ಹುರಿದುಂಬಿಸುತ್ತಾರೆ. ಹಾಗೆ ಹಾಡಿಸಿದರೆ ಒಂದೇ ಕೋಣೆಯಲ್ಲಿ ಎರಡು ಗದ್ದಲ ನಡೆಯುತ್ತದೆ. ಇನ್ನೊಂದು ಸಾಲನ್ನು ಕೇಳಿಯೂ ತನ್ನದನ್ನು ಬಿಡದಿರುವುದೇ ಇಲ್ಲಿ ಕಲಿಯಬೇಕಾದ ವಿದ್ಯೆ.

ನಾಲ್ಕನೇ ತರಗತಿಯ ಒಬ್ಬ ಹುಡುಗ. ಒಬ್ಬನೇ ಹಾಡಿದರೆ ಸ್ವರ ಚೊಕ್ಕ. ಒಟ್ಟಿಗೆ ಹಾಡುವಾಗ ಮಾತ್ರ ಮೂರನೇ ಸಾಲಿಗೆ ಬರುವಷ್ಟರಲ್ಲಿ ಆಚೆ ಗುಂಪಿನ ಸ್ವರಕ್ಕೆ ಹತ್ತಿಬಿಡುತ್ತಿದ್ದ. ಕಣ್ಣುಮುಚ್ಚಿ, ಕಿವಿಮುಚ್ಚಿ, ಕತ್ತಿನ ನರ ಉಬ್ಬಿಸಿ ಹಾಡಿದರೂ ಅದೇ. ಅವನನ್ನು ಹಾಡುವುದರಿಂದ ಸ್ವಲ್ಪ ಹೊತ್ತು ಬಿಡಿಸಿ, ಆಚೆ ಗುಂಪಿನ ಸಾಲು ಹೇಗೆ ಹೋಗುತ್ತದೆ ಎಂದು ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆಯಲು ಹೇಳಿದೆ. ಎಳೆದ. ಆಮೇಲೆ ತನ್ನ ಸಾಲಿನ ಗೆರೆ. ಅದನ್ನೂ ಎಳೆದ. ಮೂರನೇ ಸಾಲಿನ ಹತ್ತಿರ ಕೈ ನಿಲ್ಲಿಸಿ ಕೇಳಿದ: "ಅವರು ಮೇಲೆ ಹೋದಾಗ ನಾನು ಇಲ್ಲೇ ಇರ್ಬೇಕು ಅಲ್ವಾ ಮಿಸ್?" ಮತ್ತೆ ಹಾಡಿದಾಗ ಕಿವಿಗೆ ಬೆರಳು ಹೋಗಲಿಲ್ಲ. ಮೆಲ್ಲಗೆ ಹಾಡಿದ, ಆಚೆಯವರನ್ನೇ ನೋಡುತ್ತ ಹಾಡಿದ, ಜಾರಲಿಲ್ಲ. ಅವರ ಸಾಲು ಗೊತ್ತಿಲ್ಲದೇ ಇದ್ದುದರಿಂದಲೇ ಅದು ಅವನನ್ನು ಎಳೆದುಕೊಂಡು ಹೋಗುತ್ತಿತ್ತು.

ಇದರಿಂದ ನನ್ನ ಕ್ರಮ ಗಟ್ಟಿಯಾಯಿತು. ಎಲ್ಲ ಮಕ್ಕಳೂ ಎರಡೂ ಸಾಲು ಕಲಿಯುತ್ತಾರೆ, ಪ್ರತಿ ಸಲ ಅದಲುಬದಲು ಆಗುತ್ತದೆ. ಗುಂಪುಗಳಿಗೆ ಒಂದು, ಎರಡು ಎನ್ನದೆ ನದಿಗಳ ಹೆಸರಿಟ್ಟದ್ದೂ ಇದಕ್ಕೇ. ಎರಡನೇ ಗುಂಪು ಎಂದರೆ ಕಡಿಮೆಯವರು ಎಂದು ಮಕ್ಕಳು ತಾವೇ ತೀರ್ಮಾನಿಸಿಬಿಡುತ್ತಾರೆ. ಗಟ್ಟಿ ಹಾಡುಗಾರರನ್ನೆಲ್ಲ ಕಷ್ಟದ ಸಾಲಿಗೆ ತುಂಬುವುದೂ ಬೇಡ. ಮೊದಲು ಎರಡು ಗುಂಪು ಕೋಣೆಯ ಎರಡು ಗೋಡೆಗೆ ನಿಲ್ಲಲಿ. ಸಾಲು ನಿಂತ ಮೇಲೆ ಹತ್ತಿರ ಬರಲಿ. ಕೊನೆಗೆ ತುಂಗಾದವರ ಪಕ್ಕ ಭದ್ರಾದವರು ಭುಜಕ್ಕೆ ಭುಜ ತಾಗಿಸಿ ನಿಂತು ಹಾಡಲಿ. ಅಲ್ಲಿಗೆ ಬಂದರೆ ಆ ಹಾಡು ಬಂದ ಹಾಗೆ.

8. ಎರಡು ಕೈ, ಎರಡು ಗುಂಪು

19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಕರ್ವೆನ್ ಒಂದೊಂದು ಸ್ವರಕ್ಕೆ ಒಂದೊಂದು ಕೈಸನ್ನೆ ರೂಢಿಗೆ ತಂದರು. ಕೊಡಾಯ್ ದಾರಿಯ ಶಿಕ್ಷಕರು ಈಗಲೂ ಅದನ್ನೇ ಬಳಸುತ್ತಾರೆ. ಸಾಮಗಾನ ಮಾಡುವವರು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳಿಟ್ಟು ಸ್ವರ ತೋರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ನಿಮಗೆ ಒಗ್ಗುವ ಯಾವ ಸನ್ನೆಯಾದರೂ ಸರಿ. ಎಡಗೈ ತುಂಗಾಕ್ಕೆ, ಬಲಗೈ ಭದ್ರಾಕ್ಕೆ. ಎಡಗೈ ಸಾದಲ್ಲೇ ನಿಂತಿರುವಾಗ ಬಲಗೈ ರಿ ಗ ಪ ಎಂದು ಹತ್ತುತ್ತದೆ. ಮಾತಿಲ್ಲ, ಸಾಹಿತ್ಯವಿಲ್ಲ, ಎರಡು ನಿಮಿಷ ಸಾಕು. ಆಮೇಲೆ ಒಂದು ಮಗುವನ್ನೇ ಮುಂದೆ ನಿಲ್ಲಿಸಿ, ಎರಡೂ ಕೈ ಅದಕ್ಕೇ ಬಿಟ್ಟುಕೊಡಿ.

9. "ಸ್ವರ ಸೇರದ" ಮಗು

ಯಾವ ಮಗುವಿಗೂ "ನೀನು ಬರೀ ಬಾಯಿ ಆಡಿಸು" ಎನ್ನಬೇಡಿ. ಆ ಮಾತು ಕೇಳಿಸಿಕೊಂಡವರು ಅರವತ್ತು ವರ್ಷವಾದರೂ ಹಾಡುವುದಿಲ್ಲ. ಅಂಥ ಅಜ್ಜಿಯರನ್ನು, ತಾತಂದಿರನ್ನು ನಾನು ಬಲ್ಲೆ. ಬಹಳಷ್ಟು ಸಲ ಆ ಮಗು ಹಾಡುತ್ತಿರುವುದು ಮಾತಿನ ದನಿಯಲ್ಲಿ. ಗದ್ದೆಯ ಆಚೆ ಬದಿಯಲ್ಲಿರುವ ಗೆಳೆಯನನ್ನು "ಕೂ" ಎಂದು ಕರೆಯಲು ಹೇಳಿ, ಆಂಬುಲೆನ್ಸಿನ ಹಾಗೆ ದನಿಯನ್ನು ಮೇಲೆ ಕೆಳಗೆ ಜಾರಿಸಲು ಹೇಳಿ. ಮೇಲಿನ ದನಿ ಸಿಕ್ಕೇಬಿಡುತ್ತದೆ. ಸಿಗುವವರೆಗೆ ಒಂದು ಉಪಾಯ: ಆ ಮಗು ಸಹಜವಾಗಿ ಹಿಡಿಯುವ ಸ್ವರ ಯಾವುದೆಂದು ನೋಡಿ, ಇಡೀ ತರಗತಿಯ ಸಾ ಅದಕ್ಕೇ ತನ್ನಿ. ಅವತ್ತು ಎಲ್ಲರೂ ಅದರ ಶ್ರುತಿಗೆ ಸೇರಲಿ. ಸರಿಯಾಗಿ ಸೇರಿದಾಗ ಹೇಗೆ ಕೇಳಿಸುತ್ತದೆ ಎನ್ನುವುದು ಅದಕ್ಕೆ ಒಮ್ಮೆ ಗೊತ್ತಾಗಬೇಕು.

ಶ್ರುತಿ ಹಿಡಿಯುವ ಸಾಲು, ಸೊಲ್ಲಿನ ಸಾಲು ಇಂಥ ಮಕ್ಕಳಿಗೆ ದೊಡ್ಡ ಆಸರೆ. ಒಂದು ಸಾಲಿನ ಹಾಡಿನಲ್ಲಿ ಅವರಿಗೆ ತಪ್ಪುವುದು ಬಿಟ್ಟರೆ ಬೇರೆ ಜಾಗವೇ ಇರುವುದಿಲ್ಲ. ಎರಡು ಸಾಲಿನಲ್ಲಿ ಎರಡೇ ಸ್ವರದ, ಆದರೆ ಇಲ್ಲದಿದ್ದರೆ ಹಾಡೇ ನಿಲ್ಲದ ಜಾಗ ಸಿಗುತ್ತದೆ.

10. ದಿನಕ್ಕೆ ಹತ್ತು ನಿಮಿಷ

ವಾರಕ್ಕೊಮ್ಮೆ ನಲವತ್ತು ನಿಮಿಷದ ಪೀರಿಯಡ್‌ಗಿಂತ ಪ್ರಾರ್ಥನೆಯಾದ ಮೇಲೆ ದಿನಾ ಹತ್ತು ನಿಮಿಷ ಮೇಲು. ಹೊಸ ಹಾಡಿನ ಒಂದು ಸಾಲು ಎಲ್ಲರಿಗೂ ಕಂಠಪಾಠವಾಗುವವರೆಗೆ ಎರಡನೆಯದನ್ನು ಶುರುಮಾಡಬೇಡಿ. ಮೊಬೈಲಿನಲ್ಲಿ ಆಗಾಗ ರೆಕಾರ್ಡ್ ಮಾಡಿ ಕೇಳಿಸಿ. ಒಳಗೆ ನಿಂತು ಹಾಡುವವರಿಗೆ ಎರಡೂ ಸಾಲು ಸಮನಾಗಿ ಕೇಳುವುದು ಆಗಲೇ.

11. ಆಗಸ್ಟ್ ಹದಿನೈದರ ಮೈಕು

ಪ್ರತಿಭಾ ಕಾರಂಜಿಗೆ ಒಂದು ಮಗುವನ್ನು ತಯಾರು ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಇಡೀ ತರಗತಿ ವೇದಿಕೆಗೆ ಬರಬೇಕು. ಚೆನ್ನಾಗಿ ಹಾಡುವ ಹತ್ತು ಜನರನ್ನು ಆರಿಸಿಕೊಂಡರೆ ಉಳಿದವರು ವರ್ಷವೆಲ್ಲ ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಅರ್ಧ ಬಂದ ಎರಡು ಸಾಲಿಗಿಂತ ಚೊಕ್ಕವಾಗಿ ಬಂದ ಶ್ರುತಿ ಮತ್ತು ಹಾಡು ಸಾಕು.

ನಮ್ಮ ಕಾರ್ಯಕ್ರಮಗಳಲ್ಲಿ ಮೈಕು ಇರುವುದು ಒಂದೇ. ಅದನ್ನು ಮಧ್ಯೆ ನಿಲ್ಲಿಸಿದರೆ ಅದಕ್ಕೆ ಹತ್ತಿರವಿರುವ ನಾಲ್ಕು ಮಕ್ಕಳ ದನಿ ಮಾತ್ರ ಊರಿಗೆಲ್ಲ ಕೇಳುತ್ತದೆ, ಎರಡನೇ ಸಾಲು ಸತ್ತೇಹೋಗುತ್ತದೆ. ಮುಖ್ಯಶಿಕ್ಷಕರ ಜೊತೆ ಮೊದಲೇ ಮಾತಾಡಿ ಆ ಐದು ನಿಮಿಷ ಮೈಕು ಆರಿಸಿಬಿಡಿ. ಮಕ್ಕಳನ್ನು ವೇದಿಕೆಯಿಂದ ಇಳಿಸಿ ಅರ್ಧಚಂದ್ರದಂತೆ ನಿಲ್ಲಿಸಿ, ಅಪ್ಪ ಅಮ್ಮಂದಿರನ್ನು ಕುರ್ಚಿ ಸಮೇತ ಹತ್ತಿರ ಕರೆಯಿರಿ. ಎಡಗಡೆ ಕೂತವರಿಗೆ ತುಂಗಾ ಜಾಸ್ತಿ ಕೇಳಿಸುತ್ತದೆ, ಬಲಗಡೆಯವರಿಗೆ ಭದ್ರಾ. ಮತ್ತೊಮ್ಮೆ ಹಾಡಿಸಿ, ಆದರೆ ಈ ಸಲ ಗುಂಪುಗಳ ಜಾಗ ಬದಲಾಯಿಸಿ.